ಇಂಚಕ್ಕನ ಮೊದಲ ಚೌಕ

ಇಂಚಕ್ಕನಿಗಿಂತ ಮುಂಚೆ ಅವಳ ಸ್ಕೇಲು ಬರುತ್ತಿತ್ತು. ಬೀದಿಯ ಆ ತುದಿಯಲ್ಲಿ ಅವಳು ತಿರುಗಿದಳೆಂಬುದು ಈ ತುದಿಯ ನನ್ನ ಅಂಗಡಿಗೆ ಸದ್ದಿನಿಂದಲೇ ಗೊತ್ತಾಗುತ್ತಿತ್ತು: ದೀಪದ ಕಂಬಕ್ಕೊಂದು ಟಕ್, ಯಾರದೋ ಮನೆಯ ಕಟ್ಟೆಗೊಂದು ಟಕ್, ಎಳೆದು ಮುಚ್ಚಿದ ಅಂಗಡಿಯ ಕದಕ್ಕೊಂದು ಟಕ್. ಕಣ್ಣು ಕಾಣದವರು ದಾರಿ ತಿಳಿಯಲು ಕೋಲು ಕುಟ್ಟುತ್ತಾರೆ. ಇವಳಿಗೆ ಕಣ್ಣು ಬೇಕಾದ್ದಕ್ಕಿಂತ ಹೆಚ್ಚು ಕಾಣುತ್ತಿತ್ತು, ಆ ಸಂಕಟಕ್ಕೆ ಕುಟ್ಟುತ್ತಿದ್ದಳು. ಕಂಬ ವಾಲಿದೆ, ಟಕ್. ಕಟ್ಟೆಯ ಮೂರು ಮೆಟ್ಟಿಲಲ್ಲಿ ನಡುವಿನದು ಅರ್ಧ ಇಂಚು ಕುಳ್ಳು, ಟಕ್. ಅಂಗಡಿಯ ಹೆಸರಿನ ಹಲಗೆಗೆ ಮೊಳೆ ಹೊಡೆದವನು ಒಂದು ಕಡೆ ಏರಿಸಿ ಇನ್ನೊಂದು ಕಡೆ ಇಳಿಸಿದ್ದಾನೆ, ಅದಕ್ಕೆ ಎರಡು ಟಕ್. ಬಲಭುಜವನ್ನು ಮುಂದೆ ಮಾಡಿ, ತೆರೆಯಲೊಲ್ಲದ ಬಾಗಿಲನ್ನು ನೂಕುವವಳ ಹಾಗೆ ನಡೆಯುತ್ತಿದ್ದಳು. ಹೆಜ್ಜೆ ಮಾತ್ರ ಒಂದರಂತೆ ಒಂದು. ತಿರುವಿನಿಂದ ನನ್ನ ಹೊಸ್ತಿಲಿಗೆ ನೂರಾ ಹನ್ನೆರಡು. ಒಂದು ದಿನ ಅದು ನೂರಾ ಹದಿಮೂರಾಯಿತೆಂದು ಬಂದವಳೇ ನನ್ನನ್ನು ಕೇಳಿದ್ದಳು: "ಅಂಗಡಿ ಹಿಂದಕ್ಕೆ ಸರಿಸಿದ್ರಾ?"

ನಾನು ಪುಸ್ತಕಗಳಿಗೆ ರಟ್ಟು ಹಾಕುವವನು. ಬಾಲ್ಯದಲ್ಲೇ ಶಾಲೆ ಬಿಟ್ಟು, ಹೊಲಿಯಲು ಬಂದ ಪುಸ್ತಕಗಳನ್ನು ಹೊಲಿಯುವ ಮುಂಚೆ ಓದಿಯೇ ಅಕ್ಷರ ಕಲಿತವನು. ಇಂಚಕ್ಕ ನನಗಿಂತ ಎಂಟು ವರ್ಷ ಚಿಕ್ಕವಳು. ಆದರೂ ಬೀದಿಯವರೆಲ್ಲರ ಹಾಗೆ ನಾನೂ ಅವಳನ್ನು ಅಕ್ಕ ಎಂದೇ ಕರೆದೆ, ಎದುರಿಗೆ ಬಹುವಚನವನ್ನೇ ಬಳಸಿದೆ. ಆ ಸ್ಕೇಲಿನ ಮುಂದೆ ವಯಸ್ಸು ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವಳಿಗೆ ಹೆತ್ತವರಿಟ್ಟ ಹೆಸರೊಂದು ಇದ್ದೇ ಇತ್ತು, ಅದನ್ನು ಕೇಳಿ ತಿಳಿದುಕೊಳ್ಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಬೇಸಿಗೆಯಲ್ಲೂ ಕಳಚದ ಒಂದು ಬೂದುಬಣ್ಣದ ಕೋಟು ಅವಳದು. ಗಂಡಸರ ಅಳತೆಗೆ ಹೊಲಿದದ್ದು, ಭುಜ ಎರಡಿಂಚು ಇಳಿಬಿದ್ದದ್ದು. ಅಳತೆಯ ವಿಷಯದಲ್ಲಿ ಜಗತ್ತನ್ನೇ ಕಟಕಟೆಗೆ ನಿಲ್ಲಿಸುವವಳು ತನ್ನ ಮೈಮೇಲಿನ ಕೋಟನ್ನು ಮಾತ್ರ ಯಾಕೆ ಬಿಟ್ಟಳೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಳಗಡೆ ಎಡಕ್ಕೆ ಒಂದು ಆಳವಾದ ಜೇಬು, ಅದರ ತಳಕ್ಕೆ ಚರ್ಮದ ತೇಪೆ. ಹನ್ನೆರಡಿಂಚಿನ ಉಕ್ಕಿನ ಸ್ಕೇಲಿನ ವಾಸಸ್ಥಾನ ಅದು.

ಆ ಕೋಟೂ ಆ ಸ್ಕೇಲೂ ಒಂದು ಕಚೇರಿಯ ಅವಶೇಷಗಳು. ಕಟ್ಟಡಗಳ ನಕ್ಷೆ ಬರೆಯುವ ಕಚೇರಿ. ಉದ್ದನೆಯ ಕೊಠಡಿ, ಒಂದೇ ಕಡೆಗೆ ಕಿಟಕಿಗಳು, ಸಾಲಾಗಿ ಹನ್ನೆರಡು ಓರೆ ಹಲಗೆಗಳು, ಹನ್ನೊಂದರ ಮುಂದೆ ಗಂಡಸರು, ಹನ್ನೆರಡನೆಯದರ ಮುಂದೆ ಇವಳು. ಇಪ್ಪತ್ತಾರು ವರ್ಷ ಅಲ್ಲಿ ನಿಂತು ಆಸ್ಪತ್ರೆಗಳ ಮೆಟ್ಟಿಲು, ಶಾಲೆಗಳ ಕಿಟಕಿ, ಗೋದಾಮುಗಳ ಮಾಡು, ಸೆರೆಮನೆಯೊಂದರ ಚರಂಡಿ, ಎಲ್ಲವನ್ನೂ ಮಸಿಯಲ್ಲಿ ಬರೆದಳು. ಬರೆದವಳು ಇವಳು, ಕೆಳಗಿನ ಮೂಲೆಯ ಪುಟ್ಟ ಚೌಕದಲ್ಲಿ ರುಜು ಹಾಕಿದವರು ಎಂಜಿನಿಯರುಗಳು. ಆ ರುಜುವಿನ ಚೌಕವನ್ನೂ ಅಳೆದು ಗೆರೆ ಎಳೆದು ಇವಳೇ ಕೊಡಬೇಕಾಗಿತ್ತು. ಅವಳಿಗೆ ಏನಾಗುತ್ತಿತ್ತೆಂಬುದನ್ನು ಬೀದಿಯ ಕಂಬಗಳೇ ಹೇಳಬೇಕು. ಕಡೆಗೊಂದು ದಿನ ಕಚೇರಿಗೆ ಕಂಪ್ಯೂಟರುಗಳು ಬಂದವು. ಅಧಿಕಾರಿ ಅವಳನ್ನು ಕರೆದು, "ಇನ್ನು ಯಂತ್ರ ಬರೆಯುತ್ತೆ. ಅದು ತಪ್ಪು ಮಾಡೋದಿಲ್ಲ" ಎಂದ.

"ನಾನು ಯಾವ ತಪ್ಪು ಮಾಡಿದೆ? ಒಂದು ತೋರ್ಸಿ."

ಇಪ್ಪತ್ತಾರು ವರ್ಷದ ನಕ್ಷೆಗಳು ಕಪಾಟಿನಲ್ಲೇ ಇದ್ದವು. ಯಾರೂ ಒಂದನ್ನೂ ತೋರಿಸಲಿಲ್ಲ. ತೋರಿಸಲಾಗಲಿಲ್ಲವೆಂಬುದು ಅವಳ ಹೆಮ್ಮೆ. ಹುಡುಕುವಷ್ಟು ಗೌರವವನ್ನೂ ಕೊಡಲಿಲ್ಲವೆಂಬುದು ಅವಳ ಸಿಟ್ಟು. ಕೋಟು ತೊಟ್ಟೇ ಹೊರಬಿದ್ದಳು, ಸ್ಕೇಲು ಜೇಬಿನಲ್ಲೇ ಇತ್ತು. ಅದು ಕಚೇರಿಯ ಸ್ವತ್ತು ಎಂದು ಬಾಗಿಲಿನವನು ಕೈಯೊಡ್ಡಿದಾಗ, "ಬಂದು ಕಿತ್ಕೋ" ಎಂದಳಂತೆ. ಅವನು ಕಿತ್ತುಕೊಳ್ಳಲಿಲ್ಲ. ಅವಳ ಮುಖ ನೋಡಿದ ಯಾರೂ ಕಿತ್ತುಕೊಳ್ಳುತ್ತಿರಲಿಲ್ಲ.

ಅವಳು ಪಾತಾಳಕ್ಕಿಳಿದದ್ದು ನನ್ನ ಅಂಗಡಿಯ ಮೇಜಿನ ಮೇಲೆ. ಎದುರುಬೀದಿಯ ದರ್ಜಿಯೂ ಅವನ ಗೆಳೆಯರೂ ಒಂದು ಆಟ ಆಡುತ್ತಾರೆ. ನಾಲ್ಕೈದು ಜನ ಮೇಜಿನ ಸುತ್ತ ಕೂರುವುದು. ಒಬ್ಬ ಕಥೆ ನಡೆಸುವುದು, ಉಳಿದವರು ಆ ಕಥೆಯೊಳಗಿನ ವೀರರೋ ಕಳ್ಳರೋ ಮಂತ್ರವಾದಿಗಳೋ ಆಗುವುದು. ಯಾರ ಕತ್ತಿ ತಾಗಿತು, ಯಾರ ಮಂತ್ರ ಹುಸಿಯಾಯಿತು ಎಂಬುದನ್ನು ದಾಳ ಉರುಳಿಸಿ ತೀರ್ಮಾನಿಸುವುದು. ವೀರರು ಬಹುಪಾಲು ಇಳಿಯುವುದು ನೆಲದಡಿಯ ಕೋಣೆಗಳಿಗೆ. ಆ ಕೋಣೆ, ಓಣಿ, ಮೆಟ್ಟಿಲು, ಬಾವಿಗಳನ್ನು ಮೇಲಿನಿಂದ ನೋಡಿದಂತೆ ಬರೆದ ಹಾಳೆಗಳು ಕಂಪ್ಯೂಟರಿನಲ್ಲಿ ಸಿಗುತ್ತವೆ. ಅವನ್ನು ಮನೆಯಲ್ಲೇ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ, ಬಿಲ್ಲೆಗಳಾಗಿ ಕತ್ತರಿಸಿ ಒಂದಕ್ಕೊಂದು ತಾಗಿಸಿ ಇಟ್ಟರೆ ಮೇಜಿನ ಮೇಲೆ ಪಾತಾಳವೊಂದು ಹಬ್ಬುತ್ತದೆ. ಎಲ್ಲದರ ಮೇಲೂ ಒಂದಿಂಚಿನ ಚೌಕಗಳು. ಒಂದು ಚೌಕದಲ್ಲಿ ಹೆಬ್ಬೆರಳುದ್ದದ ಒಬ್ಬ ವೀರ. ದರ್ಜಿ ಆ ದಿನ ಅಂಟಿಸಿಕೊಡಲು ತಂದಿದ್ದ ಹಾಳೆಗಳನ್ನು, ಯಾವುದೋ ಅರ್ಜಿಯ ನಕಲು ತೆಗೆಸಲು ಬಂದಿದ್ದ ಇಂಚಕ್ಕ ಕಂಡಳು. ಟಕ್.

"ಇದನ್ನ ಬರೆದ ಮಹಾನುಭಾವ ಯಾರು? ಬಾಗಿಲು ತೆರೆದ್ರೆ ಗೋಡೆಗೆ ಬಡಿಯುತ್ತೆ."

"ಅಕ್ಕಾ, ಅದು ರಾಕ್ಷಸ ಇರೋ ಕೋಣೆ," ಎಂದ ದರ್ಜಿ.

"ರಾಕ್ಷಸನಿಗೆ ಬಾಗಿಲು ಬೇಡ್ವಾ? ಎಷ್ಟು ಎತ್ತರ ನಿಮ್ಮ ರಾಕ್ಷಸ?"

"ಹನ್ನೆರಡಡಿ."

"ಆರಡಿ ಅಂತ ಬರೆದಿರೋ ಬಾಗಿಲಲ್ಲಿ ತೆವಳಿಕೊಂಡು ಬರ್ತಾನಾ? ಬಂದ ಅಂತಲೇ ಇಟ್ಕೊಳ್ಳಿ. ಒಲೆ ಇದೆ, ಹೊಗೆ ಹೋಗೋಕೆ ದಾರಿ ಇಲ್ಲ. ಬಾವಿ ಇದೆ, ಚರಂಡಿ ಇಲ್ಲ. ನಿಮ್ಮ ವೀರರು ಕತ್ತಿ ತಗೊಂಡು ಬರೋ ಹೊತ್ತಿಗೆ ಅವನು ಕೆಮ್ಮಿ ಕೆಮ್ಮಿ ಸತ್ತಿರ್ತಾನೆ."

ಮುಂದಿನ ವಾರವೇ ಆರಿಂಚು ಉದ್ದ ಆರಿಂಚು ಅಗಲದ ಒಂದು ಹಾಳೆ ತಂದು ನನ್ನ ಮೇಜಿನ ಮೇಲೆ ಬಡಿದಳು. ಕೈಯಲ್ಲಿ, ಮಸಿಯಲ್ಲಿ ಬರೆದ ಪಾತಾಳದ ಅಡುಗೆಮನೆ. ಹೊಗೆಗಂಡಿ ಇತ್ತು, ಚರಂಡಿ ಇತ್ತು, ಪಾತ್ರೆ ತೊಳೆಯುವ ಕಲ್ಲು ಇತ್ತು, ತೂಗುಹಾಕಲು ಹದಿಮೂರು ಕೊಕ್ಕೆಗಳಿದ್ದವು, ಕಾವಲಿನವನು ಕೂತು ಕೂತು ಸವೆದ ಮೂಲೆಯೊಂದಿತ್ತು. ಬಾಗಿಲಿನ ಪಕ್ಕದಲ್ಲಿ ಬರೆದ ಎತ್ತರ ಹನ್ನೆರಡಡಿಯ ರಾಕ್ಷಸ ತಲೆ ಬಗ್ಗಿಸದೆ ಓಡಾಡುವಷ್ಟಿತ್ತು. ದರ್ಜಿಯ ಗೆಳೆಯರು ಆ ಹಾಳೆಯ ಮೇಲೆ ತಮ್ಮ ವೀರರನ್ನು ಇಡಲು ಅಂಜಿದರು. ಇಷ್ಟು ಚೊಕ್ಕಟವಾಗಿ ಬಾಳುವವನನ್ನು ಕೊಲ್ಲುವುದು ಹೇಗೆ ಎಂದು ಅವರಲ್ಲೊಬ್ಬ ಕೇಳಿದನಂತೆ.

ಅಲ್ಲಿಂದ ಹನ್ನೊಂದು ವರ್ಷ. ಸ್ಕ್ಯಾನ್ ಮಾಡುವುದನ್ನೂ ಕಂಪ್ಯೂಟರಿಗೆ ಏರಿಸುವುದನ್ನೂ ಅರವತ್ತರ ಹೊಸ್ತಿಲಲ್ಲಿ, ಯಂತ್ರವನ್ನು ಬೈದು ಬೈದು ತಾನೇ ಕಲಿತಳು. ಇನ್ನೂರಕ್ಕೂ ಮಿಕ್ಕಿ ಹಾಳೆಗಳು. ಕಾಣದ ಊರುಗಳ ಕಾಣದ ಮನೆಗಳಲ್ಲಿ ಜನ ಅವುಗಳನ್ನು ಪ್ರಿಂಟ್ ತೆಗೆದು, ಊಟದ ಮೇಜಿನ ಮೇಲೆ ಹರಡಿ ಆಡಿದರು. ಪ್ರತಿ ಹಾಳೆಯಲ್ಲೂ ಗೋಡೆಯ ಒಂದು ಕಲ್ಲಿನ ಮೇಲೆ ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟದ, ಸಾಸಿವೆಯಷ್ಟು ಚಿಕ್ಕ ಗುರುತು. ಅದೇ ಅವಳ ರುಜು. ಅರವತ್ತು ವರ್ಷದ ಬಾಳಿನಲ್ಲಿ ಅವಳು ಬರೆದದ್ದರ ಮೇಲೆ ಅವಳೇ ಹಾಕಿದ ಮೊದಲ ರುಜು.

ಜಗಳಕ್ಕೂ ಬರ ಬರಲಿಲ್ಲ. ಪ್ರಿಂಟ್ ತೆಗೆಯುವಾಗ 'ಹಾಳೆಗೆ ಹೊಂದಿಸು' ಎಂಬುದನ್ನು ಒತ್ತಿದರೆ ಚಿತ್ರ ಚೂರು ಕುಗ್ಗಿ, ಒಂದಿಂಚಿನ ಚೌಕ ಒಂದಿಂಚಾಗಿ ಉಳಿಯುವುದಿಲ್ಲ. ಅದನ್ನು ಒತ್ತಬೇಡಿ ಎಂದು ಪ್ರತಿ ಹಾಳೆಯ ಅಂಚಿನಲ್ಲೂ ಬರೆದಿದ್ದಳು. ಜನ ಒತ್ತುತ್ತಿದ್ದರು. "ಬಿಲ್ಲೆಗಳು ಸರಿಯಾಗಿ ಕೂಡುತ್ತಿಲ್ಲ, ಓಣಿಯ ಗೋಡೆಯಲ್ಲಿ ಸಣ್ಣ ಮೆಟ್ಟಿಲಿನಂತೆ ಕಾಣುತ್ತದೆ" ಎಂದು ಬರೆಯುತ್ತಿದ್ದರು. ಅವಳು ಉತ್ತರ ಕೊಡುತ್ತಿದ್ದಳು: "ಓದಲು ಬರುವವರಿಂದ ಅಂಚಿನಲ್ಲಿ ಬರೆದದ್ದನ್ನು ಓದಿಸಿಕೊಳ್ಳಿ." ಒತ್ತಿಲ್ಲವೆಂದು ಆಣೆಯಿಟ್ಟವರಿಗೆ, "ಹಾಗಾದರೆ ನಿಮ್ಮ ಪ್ರಿಂಟರು ಕಸ, ಬದಲಾಯಿಸಿ." ಅವರ ದೂರನ್ನು ಓದಿ ಬಂದ ದಿನ ನನ್ನ ಮೇಜಿಗೆ ಹತ್ತು ಹದಿನೈದು ಏಟು ಬೀಳುತ್ತಿದ್ದವು. ಬಡಿದು ಬಡಿದು ಸ್ಕೇಲಿನ ತುದಿಯಲ್ಲಿ ಉಕ್ಕು ಮುಳ್ಳೆದ್ದು ಹಾಳೆಯನ್ನು ಗೀರತೊಡಗಿದರೆ, ನನ್ನ ಹೊಸ್ತಿಲ ಕಲ್ಲಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಅಲ್ಲೇ ಕುಕ್ಕರಗಾಲಲ್ಲಿ ಕೂತು ತುದಿಯನ್ನು ಉಜ್ಜಿ ನಯ ಮಾಡುತ್ತಿದ್ದಳು. ಕಚೇರಿಯ ಹೊಸ್ತಿಲಿನ ಮೇಲೂ ಇಪ್ಪತ್ತಾರು ವರ್ಷ ಹಾಗೆಯೇ ಉಜ್ಜಿದ್ದಳಂತೆ. ಉಜ್ಜುವಾಗ ಮಾತ್ರ ಅವಳ ಮುಖ ಶಾಂತವಾಗಿರುತ್ತಿತ್ತು.

ದರ್ಜಿಗೆ ಬಾಯಿಗಿಂತ ಕಣ್ಣು ಚುರುಕು. ಒಂದು ದಿನ ಕೊರಳಿಗೆ ಟೇಪು ಹಾಕಿಕೊಂಡೇ ನನ್ನ ಅಂಗಡಿಗೆ ಬಂದು ನಿಂತ.

"ಅಕ್ಕಾ, ಒಂದು ಮಾತು. ಹೇಳಿದ್ರೆ ಬೈತೀರಿ."

"ಬೈಯೋ ಅಂಥದ್ದಾದ್ರೆ ಬೈತೀನಿ. ಹೇಳು."

"ಪ್ರಿಂಟರಿನ ತಪ್ಪಲ್ಲ ಅನ್ಸುತ್ತೆ. ಎಡಗಡೆ ಮೊದಲನೇ ಸಾಲಿನ ಚೌಕ ಚೂರು ಚಿಕ್ಕದು. ಎಲ್ಲಾ ಹಾಳೆಯಲ್ಲೂ. ಉಳಿದ ಐದು ಸಾಲು ಸರಿ ಇವೆ."

ಇಂಚಕ್ಕ ಜೇಬಿನಿಂದ ಸ್ಕೇಲು ತೆಗೆದಳು. ಹಾಳೆಯ ಅಂಚಿಗೆ ಸ್ಕೇಲಿನ ತುದಿಯನ್ನು ತಾಗಿಸಿದಳು. ಮೊದಲ ಗೆರೆ ಒಂದಿಂಚಿನ ಮೇಲೆ ಕರಾರುವಾಕ್ಕಾಗಿ ಕೂತಿತು. ಇನ್ನೊಂದು ಹಾಳೆ, ಮತ್ತೊಂದು, ಎಲ್ಲವೂ ಕೂತವು.

"ಬಟ್ಟೆ ಅಳೆಯೋ ಟೇಪು ಅದು, ಎಳೆದಷ್ಟು ಹಿಗ್ಗುತ್ತೆ. ಅದರಲ್ಲಿ ಉಕ್ಕನ್ನ ಪರೀಕ್ಷೆ ಮಾಡ್ತೀಯಾ? ಗಿರಾಕಿಗಳ ತೋಳು ಒಂದುದ್ದ ಒಂದು ಗಿಡ್ಡ ಹೊಲಿಯೋನು ನೀನು. ನಡಿ ಆಚೆಗೆ."

ಅವನು ಹೋದ. ಮೂರು ವರ್ಷ ಅವನ ಜೊತೆ ಅವಳು ಮಾತಾಡಲಿಲ್ಲ. ಅವನು ಮಾತ್ರ ಅವಳ ಹಾಳೆಗಳ ಮೇಲೇ ಆಡುತ್ತಿದ್ದ. ಬೇರೆ ಯಾರ ಪಾತಾಳವೂ ಅವನಿಗೆ ರುಚಿಸುತ್ತಿರಲಿಲ್ಲ.

ಇಲ್ಲಿ ನನ್ನ ಪಾಲಿನದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಪ್ರಿಂಟರಿಲ್ಲದ ಗಿರಾಕಿಗಳಿಗೆ ಬಿಲ್ಲೆಗಳನ್ನು ಅಂಟಿಸಿ ಕತ್ತರಿಸಿ ಕೊಡುತ್ತಿದ್ದವನು ನಾನು. ನನ್ನ ಕತ್ತರಿಸುವ ಯಂತ್ರದಲ್ಲಿ ಆರಿಂಚು ಎಂದರೆ ಆರಿಂಚೇ. ಮೊದಲ ದಿನದಿಂದಲೂ ಪ್ರತಿ ಬಿಲ್ಲೆಯ ಎಡ ಅಂಚಿನಲ್ಲಿ ಒಂದು ಮಿಲಿಮೀಟರಿಗೂ ಕಡಿಮೆಯ ಬಿಳಿ ಎಳೆಯೊಂದು ಉಳಿಯುತ್ತಿತ್ತು, ನಾನದನ್ನು ಸದ್ದಿಲ್ಲದೆ ಸವರಿ ತೆಗೆಯುತ್ತಿದ್ದೆ. ದರ್ಜಿಯನ್ನು ಅಟ್ಟಿದ ದಿನವೂ ನನಗೆ ಗೊತ್ತಿತ್ತು. ತಲೆ ಬಗ್ಗಿಸಿ ಅಂಟು ಕಲಸುತ್ತಿದ್ದೆ.

ಮೂರು ವರ್ಷದ ಮೌನ ಮುರಿದದ್ದು ಒಂದು ಪೆಟ್ಟಿಗೆಯಿಂದ. ದರ್ಜಿ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, ಇಂಚಕ್ಕನ ಕಡೆ ತಿರುಗದೆ, "ಅಣ್ಣಾ, ಅಕ್ಕನಿಗೆ ತೋರ್ಸಿ" ಎಂದ. ಅವಳು ಎರಡಡಿ ದೂರದಲ್ಲೇ ನಿಂತಿದ್ದಳು. ಆಟದ ಸಾಮಾನು ತಯಾರಿಸುವ ಒಂದು ದೊಡ್ಡ ಕಂಪನಿಯ ಹೊಸ ಮಾಲು. ಬಣ್ಣಬಣ್ಣದ ಪೆಟ್ಟಿಗೆಯೊಳಗೆ ದಪ್ಪ ರಟ್ಟಿನ, ಕಾರ್ಖಾನೆಯಲ್ಲೇ ಕತ್ತರಿಸಿದ ಇಪ್ಪತ್ತನಾಲ್ಕು ಬಿಲ್ಲೆಗಳು. ಮೊದಲನೆಯದು ಪಾತಾಳದ ಅಡುಗೆಮನೆ. ಹದಿಮೂರು ಕೊಕ್ಕೆಗಳು. ಎರಡನೆಯದು ಅವಳೇ ಬರೆದಿದ್ದ, ಐದನೇ ಮೆಟ್ಟಿಲು ಮುರಿದ ಬಾವಿ. ಮೂರನೆಯದು, ನಾಲ್ಕನೆಯದು... ಕರಿ ಮಸಿಯ ಮೇಲೆ ಬಣ್ಣ ಬಳಿದಿದ್ದರು. ಮೂಲೆಮಟ್ಟದ ಗುರುತಿದ್ದ ಕಲ್ಲಿನ ಮೇಲೆ, ಇಪ್ಪತ್ತನಾಲ್ಕರಲ್ಲೂ, ಹಸಿರು ಪಾಚಿ ಬೆಳೆಸಿದ್ದರು.

ಮರುದಿನವೇ ಅವಳು ಕಂಪನಿಯ ಕಚೇರಿಗೆ ನಡೆದಳು. ಇಂಥ ಕಡೆಗೆ ಒಬ್ಬಳೇ ಹೋದರೆ ಮೇಜು ಮುರಿದಾಳೆಂದು ನಾನೂ ಜೊತೆಗೆ ಹೋದೆ. ಅಲ್ಲಿದ್ದವನೊಬ್ಬ ಯುವ ವ್ಯವಸ್ಥಾಪಕ. ಅವನ ನಗೆ ಹುಟ್ಟುವಾಗಲೇ ತುಟಿಗೆ ಅಂಟಿಕೊಂಡು ಬಂದಂತಿತ್ತು. ಇಂಚಕ್ಕ ಅವನನ್ನು ಆ ದಿನದಿಂದ ನಗೋನು ಎಂದೇ ಕರೆದಳು.

"ಕೂತ್ಕೊಳ್ಳಿ ಅಮ್ಮ."

"ಕೂತ್ಕೊಳ್ಳೋಕೆ ಬಂದಿಲ್ಲ. ಇವು ನನ್ನ ಹಾಳೆಗಳು." ಕಟ್ಟು ಬಿಚ್ಚಿ ತನ್ನ ಮೂಲ ಹಾಳೆಗಳನ್ನು ಹರಡಿದಳು.

ಅವನು ನೋಡಿದ, ನಕ್ಕ. "ಚೆನ್ನಾಗಿವೆ. ಆದರೆ ನೋಡಿ ಅಮ್ಮ, ಕೋಣೆ ಅಂದ್ಮೇಲೆ ನಾಲ್ಕು ಗೋಡೆ ಇರುತ್ತೆ. ಬಾವಿ ಅಂದ್ಮೇಲೆ ದುಂಡಗೇ ಇರುತ್ತೆ."

"ಐದನೇ ಮೆಟ್ಟಿಲು ಮುರಿದೋಳು ನಾನು."

"ಹಳೇ ಬಾವಿ ಮೆಟ್ಟಿಲು ಎಲ್ಲಾ ಕಡೆ ಮುರಿದಿರುತ್ತೆ. ಒಂದರ ಹಾಗೆ ಒಂದು ಕಾಣೋದು ಸಹಜ. ನಮ್ಮ ಚಿತ್ರಕಾರರು ಕಂಪ್ಯೂಟರಿನಲ್ಲಿ, ಪಕ್ಕಾ ಅಳತೆ ಹಾಕಿ, ಮೊದಲಿಂದ ಹೊಸದಾಗಿ ಬರೆದಿದ್ದಾರೆ. ನಿಮ್ಮದನ್ನ ನಾವು ನೋಡೂ ಇಲ್ಲ." ಆಮೇಲೆ ಬಹಳ ದೊಡ್ಡ ಮನಸ್ಸು ಮಾಡಿದವನಂತೆ, "ಒಂದು ಪೆಟ್ಟಿಗೆ ತಗೊಂಡು ಹೋಗಿ ಅಮ್ಮ, ನಮ್ಮ ಕಡೆಯಿಂದ" ಎಂದ.

ಅವಳು ಮೇಜು ಮುರಿಯಲಿಲ್ಲ. ಆದರೆ ಆ ಮೇಜಿನ ಗಾಜಿನ ಮೇಲೆ ಬಿದ್ದ ಏಟಿಗೆ ಪಕ್ಕದ ಕೋಣೆಯವರೂ ಎದ್ದು ಬಂದರು. ಹಿಂದಿರುಗುವಾಗ ದಾರಿಯುದ್ದಕ್ಕೂ ಒಂದು ಕಂಬವನ್ನೂ ಬಿಡಲಿಲ್ಲ. ಅವಳ ಸಿಟ್ಟಿನ ಕೆಳಗೆ ಇದ್ದದ್ದು ಭಯ ಎಂಬುದು ನನಗೆ ಆವತ್ತು ಕಂಡಿತು. ಇಪ್ಪತ್ತಾರು ವರ್ಷ ಕಂಡವರ ರುಜುವಿಗೆ ಚೌಕ ಎಳೆದು ಕೊಟ್ಟವಳು. ಈ ಹಾಳೆಗಳೂ ಕೈಬಿಟ್ಟರೆ, ಇದು ಇವಳು ಎಳೆದದ್ದು ಎಂದು ಹೇಳಿಕೊಳ್ಳಲು ಈ ಭೂಮಿಯ ಮೇಲೆ ಒಂದು ಗೆರೆಯೂ ಉಳಿಯುತ್ತಿರಲಿಲ್ಲ.

ಅಂಗಡಿಯಲ್ಲಿ ದರ್ಜಿ ಕಾದಿದ್ದ. ಇಂಚಕ್ಕ ಪೆಟ್ಟಿಗೆಯ ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು, ಹಳೆಯ ಅಭ್ಯಾಸದಂತೆ ತುದಿ ತಾಗಿಸಿ ಅಳೆದಳು. "ಕಳ್ಳರು ಅಳತೆ ಮಾತ್ರ ಪಕ್ಕಾ ಇಟ್ಟಿದ್ದಾರೆ," ಎಂದಳು.

"ಅಕ್ಕಾ," ಎಂದ ದರ್ಜಿ, ಮೂರು ವರ್ಷದ ಮೇಲೆ ಮೊದಲ ಸಲ ನೇರವಾಗಿ, "ನಿಮ್ಮ ಸ್ಕೇಲಿಗೆ ಅದು ಪಕ್ಕಾ ಬರಬಾರದಿತ್ತು."

ಅವಳು ತಲೆಯೆತ್ತಿದಳು. ಅವನು ಹಿಂದೆ ಸರಿದ, ಆದರೆ ಬಾಯಿ ಮುಚ್ಚಲಿಲ್ಲ. "ಕಾರ್ಖಾನೆಯಲ್ಲಿ ಅಚ್ಚಾದದ್ದು, ಪ್ರಿಂಟರಿನ ಮೇಲೆ ಹಾಕೋ ಹಾಗಿಲ್ಲ. ಮೊದಲನೇ ಚೌಕ ನನ್ನ ಟೇಪಿಗೆ ಕಡಿಮೆ, ನಿಮ್ಮ ಸ್ಕೇಲಿಗೆ ಮಾತ್ರ ಒಂದಿಂಚು ಬಂತು ಅಂದ್ರೆ, ಅದು ನಿಮ್ಮ ಸ್ಕೇಲಿಂದಲೇ ಹೊರಟದ್ದು."

ಆಗ ನಾನು ಏಳಬೇಕಾಯಿತು. ಗೂಡಿನಿಂದ ನನ್ನ ಸ್ಕೇಲನ್ನು ತಂದೆ. ಅದು ರಟ್ಟು ಅಳೆಯುವುದಕ್ಕೆ ಬಿಟ್ಟು ಬೇರೆ ಯಾವುದನ್ನೂ ಮುಟ್ಟದ ಸ್ಕೇಲು. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದಿಂಚಿನ ಗೆರೆಗಳನ್ನು ಕೂಡಿಸಿದೆ. ಎರಡು, ಮೂರು, ನಾಲ್ಕು, ಎಲ್ಲ ಗೆರೆಗಳೂ ಕೂಡಿದವು. ತುದಿಗಳು ಮಾತ್ರ ಕೂಡಲಿಲ್ಲ. ನನ್ನದರ ತುದಿಗಿಂತ ಅವಳದು ಉಗುರಿನ ದಪ್ಪದಷ್ಟು ಹಿಂದೆ ನಿಂತಿತ್ತು. ಮೂವತ್ತೇಳು ವರ್ಷದ ಬಡಿತ, ಮೂವತ್ತೇಳು ವರ್ಷದ ಉಜ್ಜುವಿಕೆ. ಕಂಬಗಳಿಗೆ, ಕಟ್ಟೆಗಳಿಗೆ, ಮೇಜುಗಳಿಗೆ, ಅಧಿಕಾರಿಗಳ ಬಾಗಿಲುಗಳಿಗೆ ಅವಳು ಕೊಟ್ಟ ಏಟುಗಳೆಲ್ಲ ಸೇರಿ ಆ ಉಗುರಿನಷ್ಟು ಉಕ್ಕನ್ನು ತಿಂದಿದ್ದವು. ಎಳೆದದ್ದೂ ಆ ತುದಿಯಿಂದ, ಪರೀಕ್ಷಿಸಿದ್ದೂ ಆ ತುದಿಯಿಂದ. ತಪ್ಪು ಸಿಗುವುದಾದರೂ ಹೇಗೆ?

ಅವಳು ಬಗ್ಗಿ ಎರಡು ತುದಿಗಳನ್ನೂ ಬೆರಳಿನಿಂದ ಸವರಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹನ್ನೊಂದು ವರ್ಷ ನೀವು ಕತ್ತರಿಸಿದೀರಿ. ನಿಮಗೆ ಗೊತ್ತಿತ್ತಾ ಅಣ್ಣಾ?"

"ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ದರ್ಜಿಗೆ ನೀವು ಹೇಳಿದ್ದನ್ನ ಕೇಳಿಸ್ಕೊಂಡಿದ್ದೆ."

ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಅವಳು ಸ್ಕೇಲನ್ನು ಜೇಬಿಗಿಳಿಸಿ, ಹೊಸ್ತಿಲ ಕಲ್ಲನ್ನು ದಾಟುವಾಗ ಒಮ್ಮೆ ನಿಂತು ಅದನ್ನು ನೋಡಿ, ನಡೆದುಹೋದಳು. ಆ ಬೀದಿಯಲ್ಲಿ ಸದ್ದಿಲ್ಲದೆ ಅವಳು ನಡೆದದ್ದನ್ನು ಕಂಡದ್ದು ಅದೇ ಮೊದಲು. ಪಕ್ಕದ ಅಂಗಡಿಯವನು ಹೊರಗೆ ಬಂದು, "ಏನಾಯ್ತು ಇಂಚಕ್ಕನಿಗೆ, ಮೈ ಸರಿ ಇಲ್ವಾ?" ಎಂದು ಕೇಳಿದ.

ನಾಲ್ಕು ದಿನ ಅವಳ ಸುಳಿವಿಲ್ಲ. ಆ ನಾಲ್ಕು ದಿನ ಮನೆಯೊಳಗೆ ಅವಳು ಏನು ಮಾಡಿದಳೆಂಬುದನ್ನು ಬಹಳ ದಿನಗಳ ಮೇಲೆ, ಬೇರೇನೋ ಹೇಳುವವಳಂತೆ ನನಗೆ ಹೇಳಿದಳು: ಇನ್ನೂರು ಚಿಲ್ಲರೆ ಹಾಳೆಗಳನ್ನೂ ಹೊರಗೆ ತೆಗೆದು, ಒಂದಿಂಚಿನ ಗೆರೆಯಿಂದ ಶುರುಮಾಡಿ ಮತ್ತೆ ಅಳೆದಳಂತೆ. ಸವೆಯದೆ ಉಳಿದಿದ್ದ ಗೆರೆಗಳಿಂದ, ಸವೆದ ತುದಿಯ ತಪ್ಪನ್ನು, ಒಂದೊಂದಾಗಿ. 'ಒಂದು ತೋರ್ಸಿ' ಎಂದು ಅಧಿಕಾರಿಯ ಮುಂದೆ ನಿಂತವಳು, ಎಲ್ಲ ಹಾಳೆಗಳಲ್ಲೂ ತಾನೇ ತೋರಿಸಿಕೊಂಡಳು. ಕಚೇರಿಯ ಕಪಾಟಿನಲ್ಲಿರುವ ಇಪ್ಪತ್ತಾರು ವರ್ಷದ ನಕ್ಷೆಗಳನ್ನು ಅಳೆಯುವಂತಿರಲಿಲ್ಲ. ಅವುಗಳಲ್ಲೂ ಎಷ್ಟಿರಬಹುದೆಂದು ಕತ್ತಲಲ್ಲಿ ಕೂತು ಯೋಚಿಸಿದಳಂತೆ.

ಐದನೆಯ ಬೆಳಗ್ಗೆ ತಿರುವಿನಲ್ಲಿ ಟಕ್ ಕೇಳಿತು.

"ನಾಡಿದ್ದು ಆಟದವರ ದೊಡ್ಡ ಕೂಟ ಇದೆಯಂತೆ," ಎಂದಳು, ಒಳಗೆ ಬರುವ ಮೊದಲೇ. "ಆ ನಗೋನು ಅಲ್ಲಿ ಪೆಟ್ಟಿಗೆ ಮಾರೋಕೆ ಕೂತ್ಕೊ‌ಳ್ತಾನಂತೆ. ನಿಮ್ಮ ಸ್ಕೇಲು ತಗೊಂಡು ಬನ್ನಿ. ದರ್ಜಿಗೂ ಹೇಳಿ, ಟೇಪು ಮರೀಬಾರದು ಅಂತ."

"ಅಕ್ಕಾ, ಅಷ್ಟು ಜನರ ಮುಂದೆ ನಿಮ್ಮ..." ಎಂದೆ.

"ನನ್ನ ತಪ್ಪು. ಹೇಳಿ, ಬಾಯಿ ಸುಡಲ್ಲ. ನನ್ನ ತಪ್ಪು ಇಟ್ಕೊಂಡು ಅವನು ಮೆರೀತಿದಾನೆ ಅಣ್ಣಾ. ಮೊದಲು ಅದನ್ನ ವಾಪಸ್ ತಗೋಬೇಕು."

ಕೂಟ ನಡೆದದ್ದು ಒಂದು ದೊಡ್ಡ ಸಭಾಂಗಣದಲ್ಲಿ. ಐವತ್ತು ಅರವತ್ತು ಮೇಜುಗಳು, ಮುನ್ನೂರು ಜನ, ಮಾತಿನ ಗದ್ದಲದ ಕೆಳಗೆ ಉರುಳುವ ದಾಳಗಳ ಸದ್ದು. ಬಹಳ ಮೇಜುಗಳ ಮೇಲೆ ಇಂಚಕ್ಕನ ಹಾಳೆಗಳೇ ಹಾಸಿದ್ದವು. ಅವಳನ್ನು ಮಾತ್ರ ಯಾರೂ ಕಂಡಿರಲಿಲ್ಲ. ಇಳಿಬಿದ್ದ ಭುಜದ ಬೂದುಕೋಟಿನ ಹೆಂಗಸೊಬ್ಬಳು ಬಲಭುಜ ಮುಂದೆ ಮಾಡಿಕೊಂಡು ನಡುದಾರಿಯಲ್ಲಿ ನಡೆದು, ನಗೋನ ಮೇಜಿನ ಮುಂದೆ ನಿಂತು, ಸ್ಕೇಲೆತ್ತಿ ಬಡಿದಳು. ಆ ಟಕ್‌ಗೆ ಮುನ್ನೂರು ಜನರ ದಾಳಗಳು ನಿಂತವು.

"ಮೊನ್ನೆ ಹೇಳಿದ್ದನ್ನ ಇವರ ಮುಂದೆ ಇನ್ನೊಂದು ಸಲ ಹೇಳಿ. ಈ ಪೆಟ್ಟಿಗೇಲಿ ಇರೋದನ್ನ ಹೇಗೆ ಬರೆದ್ರಿ?"

ನಗೋನಿಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಬೇಕಿರಲಿಲ್ಲ. "ಕಂಪ್ಯೂಟರಿನಲ್ಲಿ, ಪಕ್ಕಾ ಅಳತೆಗೆ, ಹೊಸದಾಗಿ," ಎಂದ, ಎಲ್ಲರಿಗೂ ಕೇಳುವಂತೆ.

"ದರ್ಜಿ, ಅಳಿ."

ದರ್ಜಿ ಅಳೆದ. ಮೊದಲ ಚೌಕ ಕಡಿಮೆ. ಉಳಿದ ಐದು ಸರಿ. ಎರಡನೆಯ ಬಿಲ್ಲೆ, ಮೂರನೆಯದು. ಜನ ಎದ್ದು ಬಂದು ಸುತ್ತ ನಿಂತರು. ಯಾರೋ ತಮ್ಮ ಸ್ಕೇಲು ತೆಗೆದರು, ಇನ್ಯಾರೋ ಬೇರೆ ಪೆಟ್ಟಿಗೆ ಒಡೆದರು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕರಲ್ಲೂ ಎಡಗಡೆಯ ಮೊದಲ ಸಾಲು ಅಷ್ಟೇ ಕಡಿಮೆ, ಒಂದೇ ಸಮ ಕಡಿಮೆ.

"ನಿಮ್ಮ ಕಂಪ್ಯೂಟರಿಗೆ ಪ್ರತಿ ಹಾಳೆಯ ಮೊದಲನೇ ಚೌಕ ಬಂದಾಗ ಮಾತ್ರ ತೂಕಡಿಕೆ ಬರುತ್ತಾ?" ಎಂದು ಇಂಚಕ್ಕ ಕೇಳಿದಳು. ಆಮೇಲೆ ತನ್ನ ಸ್ಕೇಲನ್ನೂ ನನ್ನದನ್ನೂ ಜೋಡಿಸಿ ಮೇಜಿನ ಮೇಲಿಟ್ಟಳು. "ನೋಡ್ಕೊಳ್ಳಿ. ಇದು ನನ್ನ ಸ್ಕೇಲು, ತುದಿ ಸವೆದಿದೆ. ನನ್ನ ಎಲ್ಲಾ ಹಾಳೆಯಲ್ಲೂ ಮೊದಲನೇ ಚೌಕ ಇಷ್ಟೇ ಕಡಿಮೆ. ಈಗ ಇವರದ್ದರಲ್ಲಿ ಯಾಕೆ ಕಡಿಮೆ ಅಂತ ಇವರನ್ನ ಕೇಳಿ."

ನಗೆ ಮೊದಲ ಸಲ ತುಟಿಯಿಂದ ಕಳಚಿತು. ಆದರೆ ಅವನು ಬುದ್ಧಿವಂತ. ತಕ್ಷಣ ಇನ್ನೊಂದು ಬಾಗಿಲು ಹುಡುಕಿದ. "ಅಂದ್ರೆ ಹನ್ನೊಂದು ವರ್ಷ ಇವರಿಗೆಲ್ಲ ತಪ್ಪು ಅಳತೆ ಕೊಟ್ಟಿದೀರಿ ಅಂತ ನೀವೇ ಒಪ್ಕೊಳ್ತಾ ಇದೀರಿ."

"ಹೌದು. ಕೊಟ್ಟಿದೀನಿ. ಇವರ ಪ್ರಿಂಟರಿನ ಮೇಲೆ ಹಾಕಿ ಬೈದೂ ಇದೀನಿ. ತಪ್ಪು ನಂದು." ಅವಳು ಸ್ಕೇಲನ್ನು ಎತ್ತಿಕೊಂಡಳು. "ತಪ್ಪು ನಂದು ಅಂದ್ಮೇಲೆ ಗೆರೆನೂ ನಂದು."

ಹಿಂದಿನ ಮೇಜಿನಿಂದ ದಾದಿಯ ಬಿಳಿ ಉಡುಪಿನಲ್ಲೇ ಬಂದಿದ್ದ ಒಬ್ಬಾಕೆ ಕೈಯೆತ್ತಿ ನಿಧಾನವಾಗಿ ಹೇಳಿದಳು: "ಅಕ್ಕಾ, ನೀವು ಬೈದಿರಿ ಅಂತ ನಾನು ಎರಡು ಪ್ರಿಂಟರ್ ಬದಲಾಯಿಸಿದೆ."

ಇಂಚಕ್ಕ ಅವಳ ಕಡೆ ತಿರುಗಿದಳು. "ಹಳೇವನ್ನ ಬಿಸಾಕಿಲ್ಲ ತಾನೇ?"

ನಗು ಎದ್ದಿತು, ನಗೋನೊಬ್ಬನನ್ನು ಬಿಟ್ಟು ಎಲ್ಲರೂ ನಕ್ಕರು. ಸಂಜೆಯೊಳಗೆ ಪೆಟ್ಟಿಗೆಗಳು ಮೇಜಿನಿಂದ ಇಳಿದವು. ಎರಡು ತಿಂಗಳ ಮೇಲೆ ಕಂಪನಿ ಕ್ಷಮಾಪಣೆಯ ಕಾಗದ ಬರೆಯಿತು, ಪಾಚಿ ಕೆರೆದು ಮೂಲೆಮಟ್ಟದ ಗುರುತನ್ನು ವಾಪಸ್ಸು ಹಾಕಿತು, ಪೆಟ್ಟಿಗೆಯ ಮುಚ್ಚಳದ ಕೆಳಮೂಲೆಯಲ್ಲಿ ಒಂದು ಚೌಕ ಎಳೆದು ಅವಳ ಹೆಸರನ್ನು ಅಚ್ಚುಹಾಕಿತು. ದರ್ಜಿ ಅದನ್ನು ಎರಡು ಸಲ ಓದಿ, "ಇದ್ಯಾರು?" ಎಂದ. ಅವಳು ನನ್ನ ಸ್ಕೇಲನ್ನು ಕೇಳಿ ಪಡೆದು, ಹೆಸರಿನ ಆ ಚೌಕವನ್ನು ನಾಲ್ಕೂ ಕಡೆ ಅಳೆದಳು. ಸರಿಯಿದ್ದದ್ದರ ಬಗ್ಗೆ ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ.

ಸಿಟ್ಟಿಗೆ ಅಷ್ಟಕ್ಕೇ ಬಿಡುವು ಸಿಕ್ಕಿತೆಂದುಕೊಂಡರೆ ತಪ್ಪು. ಹೊಸ ಸ್ಕೇಲು ಕೊಂಡು, ಆರು ಚೌಕವೂ ಕರಾರುವಾಕ್ಕಾದ ಹೊಸ ಹಾಳೆಯೊಂದನ್ನು ಬರೆದು ಜಗತ್ತಿಗೆ ಬಿಟ್ಟಳು. ವಾರದೊಳಗೆ ದೂರುಗಳ ಮಳೆ: ಹೊಸದು ಹಳೆಯದಕ್ಕೆ ಕೂಡುತ್ತಿಲ್ಲ, ಹನ್ನೊಂದು ವರ್ಷದ ಬಿಲ್ಲೆಗಳು ಮನೆಯಲ್ಲಿವೆ, ಎಲ್ಲವನ್ನೂ ಬಿಸಾಡುವುದೇ? ದಯವಿಟ್ಟು ಮೊದಲ ಚೌಕವನ್ನು ಮೊದಲಿನ ಹಾಗೇ ಇಡಿ. ಓದಿ ಬಂದವಳ ಮುಖ ಕೆಂಡವಾಗಿತ್ತು. "ತಪ್ಪನ್ನ ಸರಿಯಾಗಿ ಅಳೆಯೋ ಕೆಲಸ ಕೊಟ್ಟಿದಾರೆ ನೋಡಿ ಅಣ್ಣಾ. ತಪ್ಪಿನಲ್ಲೂ ತಪ್ಪು ಮಾಡೋ ಹಾಗಿಲ್ಲ." ಈಗ ಮೊದಲ ಸಾಲನ್ನು ಹಳೆಯ ಸ್ಕೇಲಿನ ಸವೆದ ತುದಿಯಿಂದ ಎಳೆಯುತ್ತಾಳೆ, ಉಳಿದ ಐದನ್ನು ಹೊಸದರಿಂದ. ಹಳೆಯದನ್ನು ಇನ್ನು ಎಲ್ಲಿಯೂ ಬಡಿಯುವಂತಿಲ್ಲ, ಕಲ್ಲಿಗೆ ಉಜ್ಜುವಂತಿಲ್ಲ; ಮತ್ತೊಂದು ಎಳೆ ಸವೆದರೆ ಹೊಸ ಬಿಲ್ಲೆಗಳು ಹಳೆಯವಕ್ಕೆ ಕೂಡುವುದಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದಾಳೆ. ಬೀದಿಯಲ್ಲಿ ಈಗ ಬೆರಳ ಗೆಣ್ಣಿನಿಂದ ಬಡಿಯುತ್ತಾಳೆ. ಸದ್ದು ಚಿಕ್ಕದು, ಆದರೂ ತಿರುವಿನಿಂದ ನನಗೆ ಕೇಳುತ್ತದೆ. ಗೆಣ್ಣು ಸುಲಿದೀತು ಎಂದು ಒಮ್ಮೆ ಹೇಳಿದ್ದಕ್ಕೆ, "ಚರ್ಮ ತಾನೇ, ಮತ್ತೆ ಬೆಳೆಯುತ್ತೆ" ಎಂದಳು.

ಇಂಥವರೊಡನೆ ಬಾಳುವುದು ಸುಲಭವಲ್ಲ. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಊರನ್ನು ಎಬ್ಬಿಸುತ್ತಾರೆ, ತಮ್ಮ ತಪ್ಪನ್ನು ಹೇಳಬಂದವರನ್ನು ಹೊರಗಟ್ಟುತ್ತಾರೆ, ನನ್ನಂಥ ನೆರೆಯವರನ್ನು ಸುಳ್ಳುಗಾರರನ್ನಾಗಿ ಮಾಡುತ್ತಾರೆ. ನಾವು ಅವರನ್ನು ಕಂಡರೆ ದಾರಿ ಬಿಡುತ್ತೇವೆ, ಹಿಂದಿನಿಂದ ಹೆಸರಿಟ್ಟು ನಗುತ್ತೇವೆ, ಜಗತ್ತನ್ನು ಸುಮ್ಮನೆ ಬಡಿಯುತ್ತಾರೆಂದು ದೂರುತ್ತೇವೆ. ಆದರೆ ಜಗತ್ತಿಗೆ ಒಂದು ಗೀರೂ ಬಿದ್ದಿರುವುದಿಲ್ಲ. ಕಂಬ ವಾಲಿಕೊಂಡೇ ಇದೆ, ನಡುಮೆಟ್ಟಿಲು ಅರ್ಧ ಇಂಚು ಕುಳ್ಳಾಗಿಯೇ ಇದೆ, ರುಜು ಹಾಕುವವರು ಹಾಕುತ್ತಲೇ ಇದ್ದಾರೆ. ಸವೆದದ್ದು ಅವರ ಕೈಯ ಉಕ್ಕು. ಆ ಸವೆತವನ್ನು ಹತ್ತು ಜನರ ಮುಂದೆ ಇಟ್ಟು 'ಇದು ನನ್ನದು' ಎನ್ನುವ ದಿನವೊಂದು ಇಂಥವರ ಪಾಲಿಗೆ ಬಂದೇ ಬರುತ್ತದೆ. ಬಹಳ ಜನ ಆ ದಿನ ಮನೆಯಿಂದ ಹೊರಡುವುದಿಲ್ಲ. ಹೊರಟವರ ಗೆರೆಯನ್ನು ಮಾತ್ರ ಯಾವ ಪಾಚಿಯೂ ಮುಚ್ಚಲಾರದು.